ಎಕೋ ರಿಪೋರ್ಟಿನಲ್ಲಿ ‘ಕ್ಯಾಲ್ಸಿಫೈಡ್ ಮಾಸ್’: ಹೃದಯದ ಬಾಗಿಲಲ್ಲಿ ಕಟ್ಟಿದ ಸುಣ್ಣವನ್ನು ಸ್ಕ್ಯಾನ್ ಹೇಗೆ ಓದುತ್ತದೆ?

ಅಣ್ಣಿಗೇರಿಯ ನಮ್ಮ ಚಿಗವ್ವನಿಗೆ ತೊಂದರೆ ಇದ್ದದ್ದು ಮೊಣಕಾಲಿನದು. ಸವೆದ ಮೊಣಕಾಲಿಗೆ ಆಪರೇಷನ್ ಮಾಡಿಸೋಣ ಅಂತ ಹುಬ್ಬಳ್ಳಿಗೆ ಕರೆತಂದೆವು. ಆಪರೇಷನ್ ತಡೆದುಕೊಳ್ಳುವಷ್ಟು ಹೃದಯ ಗಟ್ಟಿ ಇದೆಯಾ ನೋಡಬೇಕಲ್ಲ, ಅದಕ್ಕೆ ಎಕೋ, ಅಂದರೆ ಶಬ್ದದಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ, ಬರೆದುಕೊಟ್ಟರು. ರಿಪೋರ್ಟಿನ ಕೊನೆಯ ಸಾಲು ಹೀಗಿತ್ತು: ‘ಮೈಟ್ರಲ್ ಆನ್ಯುಲಸ್‌ನ ಹಿಂಭಾಗದಲ್ಲಿ ಕ್ಯಾಲ್ಸಿಫೈಡ್ ಮಾಸ್. ಮುಂದಿನ ಪರೀಕ್ಷೆ ಅಗತ್ಯ.’

ಕ್ಯಾಲ್ಸಿಫೈಡ್ ಅಂದರೆ ಸುಣ್ಣ ಕಟ್ಟಿದ್ದು, ಮಾಸ್ ಅಂದರೆ ಗಂಟು. ನಮ್ಮ ಮನೆಗಳಲ್ಲಿ ಗಂಟು ಅಂದರೆ ಒಂದೇ ಅರ್ಥ. ಆಟೋ ಹತ್ತುವ ಮೊದಲೇ ಚಿಗವ್ವ ಕೇಳಿದಳು: “ಎದಿಯೊಳಗ ಗಂಟ ಐತಂತಲ್ಲೋ, ಕ್ಯಾನ್ಸರ್ ಏನಪಾ?”

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದ ಮೇಲೆ ನಮ್ಮ ಪರಿಚಯದವರಲ್ಲಿ ಎಷ್ಟೋ ಜನ ಸುಮ್ನೆ ಒಂದು ಸಲ ಅಂತ ಹೋಗಿ ಎಕೋ ಮಾಡಿಸಿಕೊಂಡು ಬಂದಿದ್ದಾರೆ. ನೋಡುವವರು ಜಾಸ್ತಿಯಾದರೆ, ಹುಡುಕದೇ ಇದ್ದದ್ದು ಸಿಗುವುದೂ ಜಾಸ್ತಿ. ಹಾಗೆ ಸಿಕ್ಕ ಸುಣ್ಣದ ಗಂಟು ಏನು, ಅದು ಏನೆಂದು ಡಾಕ್ಟರು ಚಿತ್ರ ನೋಡಿ ಹೇಗೆ ಹೇಳುತ್ತಾರೆ ಅನ್ನುವುದು ಈ ಲೇಖನದ ವಿಷಯ.

## ಚೌಕಟ್ಟು ಮತ್ತು ಕದ

ಹೃದಯದಲ್ಲಿ ನಾಲ್ಕು ಕೋಣೆ, ನಾಲ್ಕು ಬಾಗಿಲು. ಈ ಬಾಗಿಲುಗಳಿಗೆ ಕವಾಟ ಅಥವಾ ವಾಲ್ವ್ ಅನ್ನುತ್ತಾರೆ. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ರಕ್ತ ಮುಂದಕ್ಕೆ ಹೋಗಬೇಕು, ಹಿಂದಕ್ಕೆ ಬರಬಾರದು. ಕೆಲಸ ಇಷ್ಟೇ.

ಸುಣ್ಣದ ವಿಷಯ ಬಂದಾಗ ಮುಖ್ಯವಾಗಿ ಎರಡು ಬಾಗಿಲು ನೆನಪಿಟ್ಟುಕೊಂಡರೆ ಸಾಕು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವುದು ಮೈಟ್ರಲ್. ಅದಕ್ಕೆ ಎರಡು ಕದ. ಕೆಳಗಿನ ಕೋಣೆಯಿಂದ ಇಡೀ ದೇಹಕ್ಕೆ ರಕ್ತ ಹೊರಡುವ ದೊಡ್ಡ ಬಾಗಿಲು ಅಯೋರ್ಟಿಕ್. ಅದಕ್ಕೆ ಮೂರು ಕದ. ಹುಟ್ಟುತ್ತಲೇ ಎರಡೇ ಕದ ಇರುವವರೂ ಇದ್ದಾರೆ, ನೂರಕ್ಕೆ ಒಬ್ಬರೋ ಇಬ್ಬರೋ.

ಹಳೇ ಮನೆಯ ಹೆಬ್ಬಾಗಿಲು ನೋಡಿ. ಕದ ಬೇರೆ, ಚೌಕಟ್ಟು ಬೇರೆ, ಅಲ್ವಾ? ಹೃದಯದಲ್ಲೂ ಹಾಗೇ. ಕದ ಕೂತಿರುವ ಸುತ್ತಿನ ಚೌಕಟ್ಟಿಗೆ ಆನ್ಯುಲಸ್ ಅಂತ ಹೆಸರು. ಚಿಗವ್ವನ ರಿಪೋರ್ಟಿನಲ್ಲಿದ್ದ ಪದ ಇದೇ. ಅಂದರೆ ಅವಳ ಗಂಟು ಇದ್ದದ್ದು ಕದದ ಮೇಲಲ್ಲ, ಚೌಕಟ್ಟಿನ ಮೇಲೆ. ಈ ಒಂದು ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ.

## ಸುಣ್ಣ ಬಂದದ್ದು ಎಲ್ಲಿಂದ?

ಬೋರ್‌ವೆಲ್ ನೀರು ಕಾಯಿಸುವ ಗೀಸರಿನ ಕಾಯಿಲ್ ಬಿಚ್ಚಿದರೆ ಬಿಳಿ ಪದರ ಕಟ್ಟಿರುತ್ತದೆ. ಹೃದಯದಲ್ಲೂ ಹೀಗೇ ಆಗಿದೆ ಅಂತ ಬಹಳ ಜನ ತಿಳಿಯುತ್ತಾರೆ. ಕುಡಿದ ಗಡಸು ನೀರು, ಎಲೆ ಅಡಿಕೆಗೆ ಹಚ್ಚಿದ ಸುಣ್ಣ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲದರ ಮೇಲೂ ಅನುಮಾನ. ಚಿಗವ್ವ ಅವತ್ತೇ ಎಲೆ ಅಡಿಕೆ ಡಬ್ಬಿ ಪಕ್ಕಕ್ಕಿಟ್ಟಳು. ಎಲೆ ಅಡಿಕೆ ಬಿಡುವುದು ಬಾಯಿಗೆ ಒಳ್ಳೆಯದೇ. ಆದರೆ ಕವಾಟದ ಗಂಟು ಅದರಿಂದ ಬಂದದ್ದಲ್ಲ.

ಗೀಸರಿನ ಸುಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್. ಕವಾಟದಲ್ಲಿ ಕಟ್ಟುವುದು ಕ್ಯಾಲ್ಸಿಯಂ ಫಾಸ್ಫೇಟ್. ಅಂದರೆ ಮೂಳೆಯಲ್ಲಿ ಇರುವ ಬಗೆಯದು. ಅದು ನೀರಿನ ಕೆಸರಿನಂತೆ ಸುಮ್ಮನೆ ಬಂದು ತಳ ಸೇರುವುದೂ ಅಲ್ಲ. ವರ್ಷಗಟ್ಟಲೆ ಒತ್ತಡ ಬಿದ್ದು ಕವಾಟದ ಮೇಲ್ಪದರಕ್ಕೆ ಪೆಟ್ಟಾಗುತ್ತದೆ. ಅಲ್ಲಿ ಕೊಬ್ಬು ಸೇರುತ್ತದೆ, ಉರಿಯೂತ ಶುರುವಾಗುತ್ತದೆ. ಆಮೇಲೆ ಕವಾಟದ ಕೆಲವು ಜೀವಕೋಶಗಳು ಮೂಳೆ ಕಟ್ಟುವ ಕೋಶಗಳ ಹಾಗೆ ವರ್ತಿಸಲು ತೊಡಗುತ್ತವೆ. ಆಪರೇಷನ್ನಿನಲ್ಲಿ ತೆಗೆದ ಕೆಲವು ಕವಾಟಗಳಲ್ಲಿ ನಿಜವಾದ ಮೂಳೆಯೇ ಸಿಕ್ಕಿದೆ.

ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಇದಕ್ಕೆ ದಾರಿ ಮಾಡಿಕೊಡುತ್ತವೆ. ಕಿಡ್ನಿ ಕೆಟ್ಟವರಲ್ಲಿ ಇದು ಬೇಗ ಆಗುತ್ತದೆ. ಕಿಡ್ನಿ ಹೊರಹಾಕಬೇಕಾದ ಫಾಸ್ಫೇಟ್ ರಕ್ತದಲ್ಲೇ ಉಳಿದು ಕ್ಯಾಲ್ಸಿಯಂ ಜೊತೆ ಕೂಡಿಕೊಳ್ಳುತ್ತದೆ. ಅದಕ್ಕೇ ಕವಾಟದಲ್ಲಿ ಸುಣ್ಣ ಕಂಡ ಕೂಡಲೇ ಡಾಕ್ಟರು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ಹೇಳುವ ರಕ್ತ ಪರೀಕ್ಷೆ) ಎಷ್ಟಿದೆ ಅಂತ ಕೇಳುತ್ತಾರೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೊಟ್ಟರೆ ಅಯೋರ್ಟಿಕ್ ಕವಾಟದ ಸುಣ್ಣ ನಿಲ್ಲುತ್ತದೆಯೇ ಅಂತ ದೊಡ್ಡ ಪ್ರಯೋಗಗಳನ್ನೇ ಮಾಡಿ ನೋಡಿದರು. ನಿಲ್ಲಲಿಲ್ಲ. ಕಟ್ಟಿದ ಸುಣ್ಣ ಕರಗಿಸುವ ಔಷಧ ಇದೆ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

## ಎಕೋ: ಬಾವಿಯೊಳಗಿನ ಕೂಗು

ಬಾವಿ ಕಟ್ಟೆ ಹಿಡಿದು ಒಳಗೆ ಕೂಗಿದರೆ ಮರುದನಿ ಬರುತ್ತದೆ. ತಡವಾಗಿ ಬಂದರೆ ನೀರು ಆಳದಲ್ಲಿದೆ, ಬೇಗ ಬಂದರೆ ಮೇಲಿದೆ. ಎಕೋ ಮಾಡುವುದೂ ಇದನ್ನೇ. ಎದೆ ಮೇಲೆ ಜೆಲ್ ಹಚ್ಚಿ ಇಡುವ ಪ್ರೋಬ್ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ಇಲ್ಲಿ ಹೋಗುವುದು ಸೆಕೆಂಡಿಗೆ 20 ಲಕ್ಷಕ್ಕೂ ಮೇಲೆ. ಹೋಗಿ ಬಡಿದು ಬಂದ ಮರುದನಿಯ ಹೊತ್ತು ಲೆಕ್ಕ ಹಾಕಿ ಮಷೀನು ಚಿತ್ರ ಬಿಡಿಸುತ್ತದೆ. ಇದರಲ್ಲಿ ವಿಕಿರಣ ಇಲ್ಲ.

ಇದು ಹುಟ್ಟಿದ ಕಥೆ ಚೆನ್ನಾಗಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರಿಗೆ ಆಪರೇಷನ್ನಿಗೆ ಮೊದಲು ಮೈಟ್ರಲ್ ಕವಾಟ ಹೇಗಿದೆ ಎಂದು ನೋಡಬೇಕಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಹತ್ತಿರದ ಮಾಲ್ಮೋ ಊರಿನ ಹಡಗುಕಟ್ಟೆಗೆ ಹೋದರು. ಅಲ್ಲಿ ಕಬ್ಬಿಣದ ವೆಲ್ಡಿಂಗಿನಲ್ಲಿ ಬಿರುಕು ಇದೆಯಾ ಅಂತ ಶಬ್ದದಿಂದ ಪರೀಕ್ಷಿಸುವ ಯಂತ್ರ ಇತ್ತು. ಅದನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಹೃದಯದ ಮರುದನಿ ಬಂತು. ಇವತ್ತಿನ ಎಕೋ ಮಷೀನಿನ ಮೂಲ ಅದು.

ಸುಣ್ಣ ಇದರಲ್ಲಿ ಹೇಗೆ ಕಾಣುತ್ತದೆ? ರಕ್ತ ಕಪ್ಪು, ಮಾಂಸ ಬೂದು, ಸುಣ್ಣ ಬೆಳ್ಳಗೆ ಫಳಫಳ. ಗಟ್ಟಿ ವಸ್ತುವಿಗೆ ಬಡಿದ ಶಬ್ದ ಹೆಚ್ಚುಕಡಿಮೆ ಎಲ್ಲಾ ವಾಪಸ್ ಬರುತ್ತದೆ, ಅದಕ್ಕೆ ಬಿಳಿ. ಹಿಂದಕ್ಕೆ ಶಬ್ದ ದಾಟುವುದೇ ಇಲ್ಲವಾದ್ದರಿಂದ ಗಂಟಿನ ಬೆನ್ನಿಗೆ ಕಪ್ಪು ನೆರಳು ಬೀಳುತ್ತದೆ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಕಂಬದ ಹಿಂದೆ ಬೀಳುವ ನೆರಳಿನ ಹಾಗೆ. ಈ ನೆರಳು ಒಳ್ಳೆಯ ಸಾಕ್ಷಿ: ಎದುರಿಗಿರುವುದು ಗಟ್ಟಿ ಎಂದು ಹೇಳುತ್ತದೆ. ಕೆಟ್ಟ ಅಡ್ಡಿಯೂ ಹೌದು: ಅದರ ಹಿಂದೆ ಏನಿದೆ ಎಂದು ಕಾಣಗೊಡುವುದಿಲ್ಲ.

ಇನ್ನೊಂದು ಮಾತು. ಎಕೋ ಮಷೀನಿಗೆ ಗೇನ್ ಅಂತ ಒಂದು ಗುಂಡಿ ಇದೆ. ಮೊಬೈಲಿನ ಬೆಳಕು ಜಾಸ್ತಿ ಮಾಡಿದ ಹಾಗೆ ಅದನ್ನು ಏರಿಸಿದರೆ ಬರೀ ದಪ್ಪಗಾದ ಕದವೂ ಸುಣ್ಣದಂತೆ ಬೆಳ್ಳಗಾಗುತ್ತದೆ. ನೋಡುವವರ ಕೈ ಪಳಗಿರಬೇಕು ಅನ್ನುವುದು ಇದಕ್ಕೇ.

ಎಕೋದಲ್ಲಿ ಕೆಂಪು, ನೀಲಿ ಬಣ್ಣ ಹರಿದಾಡುವುದನ್ನು ನೋಡಿರಬಹುದು. ಅದು ಡಾಪ್ಲರ್. ರೈಲ್ವೆ ಗೇಟಿನ ಹತ್ತಿರ ನಿಂತರೆ, ಬರುವ ರೈಲಿನ ಸೀಟಿ ಚೂಪಾಗಿ ಕೇಳಿ, ದಾಟಿ ಹೋದ ಮೇಲೆ ದಪ್ಪಗಾಗುತ್ತದೆ. ರೈಲ್ವೆ ಊರಾದ ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಈ ಗುಣದಿಂದಲೇ ರಕ್ತ ಯಾವ ಕಡೆಗೆ, ಎಷ್ಟು ಜೋರಾಗಿ ಓಡುತ್ತಿದೆ ಎಂದು ಮಷೀನು ಅಳೆಯುತ್ತದೆ. ಅಯೋರ್ಟಿಕ್ ಬಾಗಿಲು ದಾಟುವ ರಕ್ತದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 1.5 ಮೀಟರ್. ಪೈಪಿನ ಬಾಯಿ ಬೆರಳಿನಿಂದ ಒತ್ತಿದರೆ ನೀರು ಚಿಮ್ಮುವಂತೆ, ಸುಣ್ಣ ಕಟ್ಟಿ ಬಾಗಿಲು ಕಿರಿದಾದರೆ ವೇಗ ಏರುತ್ತದೆ. 4 ಮೀಟರ್ ಮುಟ್ಟಿದರೆ ತೀವ್ರ ಅನ್ನುತ್ತಾರೆ. ಗಂಟು ಇದೆ ಅನ್ನುವುದು ಒಂದು ಪ್ರಶ್ನೆ, ಅದು ದಾರಿಗೆ ಅಡ್ಡ ಬಂದಿದೆಯಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡುವುದು ಡಾಪ್ಲರ್.

ಎದೆಯ ಮೇಲಿನಿಂದ ಸರಿಯಾಗಿ ಕಾಣದಿದ್ದರೆ ಗಂಟಲಿನ ಮೂಲಕ ಸಣ್ಣ ಪ್ರೋಬ್ ಇಳಿಸಿ ನೋಡುತ್ತಾರೆ. ಇದಕ್ಕೆ ಟೀಈ ಅನ್ನುತ್ತಾರೆ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಂತೆ ಇಳಿಯುತ್ತದೆ. ನಡುವೆ ಪಕ್ಕೆಲುಬೂ ಇಲ್ಲ, ಶ್ವಾಸಕೋಶದ ಗಾಳಿಯೂ ಇಲ್ಲ. ಹಾಗಾಗಿ ಮೈಟ್ರಲ್ ಕವಾಟ ಬಹಳ ಸ್ವಚ್ಛವಾಗಿ ಕಾಣುತ್ತದೆ. ಕೆಲವು ಗಂಟೆ ಉಪವಾಸ ಇರಬೇಕು. ಗಂಟಲಿಗೆ ಮರಗಟ್ಟುವ ಔಷಧ ಹೊಡೆಯುತ್ತಾರೆ. ಸ್ವಲ್ಪ ಓಕರಿಕೆ ಬರಬಹುದು.

## ಸಿಟಿ: ಸುಣ್ಣದ ತೂಕದ ತಕ್ಕಡಿ

ಸುಣ್ಣವನ್ನು ಖಚಿತವಾಗಿ ಗುರುತಿಸುವುದರಲ್ಲಿ ಸಿಟಿ ಸ್ಕ್ಯಾನನ್ನು ಮೀರಿಸುವುದು ಇಲ್ಲ. ಇದು ಸುತ್ತಲೂ ತಿರುಗುತ್ತಾ ತೆಗೆಯುವ ಎಕ್ಸ್‌ರೇ. ಸಿಟಿ ಚಿತ್ರದ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಈ ಅಳತೆಗೆ ಸಿಟಿ ಸ್ಕ್ಯಾನ್ ಕಂಡುಹಿಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. 1979ರಲ್ಲಿ ಅವರಿಗೆ ನೊಬೆಲ್ ಬಂತು. ರಕ್ತದ ಅಂಕಿ 40ರ ಆಸುಪಾಸು. ಹೃದಯದ ಸಾದಾ ಸಿಟಿಯಲ್ಲಿ 130 ದಾಟಿದ್ದನ್ನು ಸುಣ್ಣ ಎಂದು ಲೆಕ್ಕ ಹಿಡಿಯುತ್ತಾರೆ.

ಹೀಗೆ ಸಿಕ್ಕ ಸುಣ್ಣವನ್ನೆಲ್ಲ ಕೂಡಿಸಿ ಅಗಾಟ್‌ಸ್ಟನ್ ಸ್ಕೋರ್ ಕೊಡುತ್ತಾರೆ. ಅಯೋರ್ಟಿಕ್ ಕವಾಟದಲ್ಲಿ ಈ ಸ್ಕೋರು ಹೆಂಗಸರಲ್ಲಿ ಸುಮಾರು 1200, ಗಂಡಸರಲ್ಲಿ 2000 ದಾಟಿದರೆ ಕವಾಟ ತೀವ್ರವಾಗಿ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಎಕೋದ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದಾಗ ಈ ಸ್ಕೋರು ತುಂಬ ಉಪಯೋಗಕ್ಕೆ ಬರುತ್ತದೆ.

ಹೃದಯ ಒಂದು ಕ್ಷಣ ನಿಲ್ಲುವುದಿಲ್ಲ, ಫೋಟೋ ಅಲುಗುತ್ತದೆ. ಅದಕ್ಕೆ ಎದೆಗೆ ಇಸಿಜಿ ವೈರ್ ಹಚ್ಚಿ, ಎರಡು ಬಡಿತಗಳ ನಡುವೆ ಹೃದಯ ಸ್ವಲ್ಪ ಶಾಂತವಾಗಿರುವ ಹೊತ್ತಿನ ಚಿತ್ರ ಆರಿಸಿಕೊಳ್ಳುತ್ತಾರೆ. ಬರೀ ಸುಣ್ಣ ನೋಡಲು ಡೈ, ಅಂದರೆ ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಔಷಧ, ಬೇಕಿಲ್ಲ. ಗಂಟಿಗೆ ರಕ್ತ ಹರಿಯುತ್ತಿದೆಯಾ ಎಂದು ನೋಡಬೇಕಾದರೆ ಅಯೋಡಿನ್ ಇರುವ ಡೈ ಬೇಕು. ಕಿಡ್ನಿ ದುರ್ಬಲ ಇದ್ದವರು ಅದನ್ನು ಮೊದಲೇ ಹೇಳಬೇಕು.

## ಎಂಆರ್‌ಐ: ಸುಣ್ಣಕ್ಕೆ ಕುರುಡು, ಆದರೂ ಬೇಕು

ಎಂಆರ್‌ಐ ಚಿತ್ರ ಬರುವುದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನಿನಿಂದ. ಒಣ ಸುಣ್ಣದಲ್ಲಿ ಅದು ಇಲ್ಲದಷ್ಟು ಕಡಿಮೆ, ಹಾಗಾಗಿ ಸುಣ್ಣದ ಜಾಗ ಬರೀ ಕಪ್ಪು. ಹಾಗಾದರೆ ಯಾಕೆ ಮಾಡಿಸುತ್ತಾರೆ? ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಗಡೋಲಿನಿಯಂ ಅನ್ನುವ ಡೈ ಕೊಟ್ಟಾಗ ರಕ್ತನಾಳ ಇರುವ ಗಡ್ಡೆ ಅದನ್ನು ಹೀರಿಕೊಂಡು ಬೆಳಗುತ್ತದೆ. ಸತ್ತ ಸುಣ್ಣದ ಗಂಟಿನ ಒಳಕ್ಕೆ ಡೈ ಹೋಗುವುದಿಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಸೂಜಿ ಚುಚ್ಚದೆ ಹತ್ತಿರ ಹೋಗುವ ದಾರಿ ಇದು. ಪೇಸ್‌ಮೇಕರ್ ಇದ್ದವರು ಒಳಗೆ ಹೋಗುವ ಮುಂಚೆ ಹೇಳಲೇಬೇಕು. ಕಿಡ್ನಿ ಬಹಳ ಕೆಟ್ಟವರಿಗೆ ಈ ಡೈ ಕೊಡುವಾಗಲೂ ಯೋಚಿಸುತ್ತಾರೆ.

## ಒಂದೇ ಬಿಳಿ ಚುಕ್ಕೆ, ಹಲವು ಹೆಸರು

ಈಗ ಗಂಟುಗಳಿಗೆ ಬರೋಣ. ನೋಡುವವರು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಸರಳ ಪ್ರಶ್ನೆಗಳನ್ನು. ಎಲ್ಲಿ ಕೂತಿದೆ? ಅಲ್ಲಾಡುತ್ತದೆಯಾ? ಒಳಗೆ ಏನಿದೆ? ಮಲಗಿರುವ ಮನುಷ್ಯನ ಕಥೆ ಏನು?

ಎಲ್ಲಕ್ಕಿಂತ ಸಾಮಾನ್ಯ, ಚೌಕಟ್ಟಿಗೆ ಕಟ್ಟುವ ಸುಣ್ಣ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಮೈಟ್ರಲ್ ಚೌಕಟ್ಟಿನ ಹಿಂಭಾಗದಲ್ಲಿ ಶುರುವಾಗಿ ಕುಡುಗೋಲಿನ ಹಾಗೆ ಬಾಗಿ ಬೆಳೆಯುತ್ತದೆ. ಕದಗಳ ತುದಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನಮ್ಮ ದೇಶದಲ್ಲಿ ಇನ್ನೂ ಕಾಣುವ ರುಮ್ಯಾಟಿಕ್ ಹೃದಯ ಕಾಯಿಲೆ ಇದಕ್ಕೆ ತದ್ವಿರುದ್ಧ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ಊದಿ ಜ್ವರ ಬಂದು, ವರ್ಷಗಳ ನಂತರ ಕದಗಳ ತುದಿ ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಸುಣ್ಣ ತುದಿಯಿಂದ ಶುರು. ಒಂದು ಚೌಕಟ್ಟಿನಿಂದ ಒಳಕ್ಕೆ, ಇನ್ನೊಂದು ತುದಿಯಿಂದ ಹೊರಕ್ಕೆ.

ಚೌಕಟ್ಟಿನ ಸುಣ್ಣದಲ್ಲೇ ಒಂದು ಅಪರೂಪದ ಬಗೆ ಇದೆ. ಸುಣ್ಣ ಗಟ್ಟಿಯಾಗೇ ಉಳಿಯದೆ ನಡುವೆ ಮೆತ್ತಗಾಗಿ ಗುಂಡಗೆ ಉಬ್ಬಿಕೊಳ್ಳುತ್ತದೆ. ಕೇಸಿಯಸ್ ಕ್ಯಾಲ್ಸಿಫಿಕೇಶನ್ ಅಂತ ಹೆಸರು. ಕೇಸಿಯಸ್ ಅಂದರೆ ಚೀಸ್‌ನಂಥದ್ದು. ನಮ್ಮ ಕಡೆ ಹೇಳಬೇಕೆಂದರೆ ಗಿಣ್ಣದಂಥದ್ದು ಅನ್ನಬಹುದು. ಇನ್ನೂ ಸರಿಯಾದ ಹೋಲಿಕೆ ಕಡುಬು: ಮೇಲೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಆಪರೇಷನ್ ಮಾಡಿ ತೆರೆದವರು ಒಳಗೆ ಬಿಳಿ ಟೂತ್‌ಪೇಸ್ಟಿನಂತೆ ಇತ್ತು ಅಂತ ಬರೆದಿದ್ದಾರೆ. ಕ್ಯಾಲ್ಸಿಯಂ, ಕೊಬ್ಬಿನಾಮ್ಲ, ಕೊಲೆಸ್ಟರಾಲ್ ಕಲೆಸಿದ ಮುದ್ದೆ ಅದು. ಚೌಕಟ್ಟಿನಲ್ಲಿ ಸುಣ್ಣ ಇರುವವರಲ್ಲೂ ಇದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುತ್ತದೆ.

ಮೋಸ ಮಾಡುವುದು ಇದೇ. ಎಕೋದಲ್ಲಿ ಗುಂಡಗಿನ ಗಂಟು, ಸುತ್ತ ಬಿಳಿ ಅಂಚು, ನಡುವೆ ಮಬ್ಬು. ಒಳಗೆ ಮೆತ್ತಗಿರುವುದರಿಂದ ಆ ಕಪ್ಪು ನೆರಳೂ ಸರಿಯಾಗಿ ಬೀಳುವುದಿಲ್ಲ. ನೋಡಿದವರಿಗೆ ಗಡ್ಡೆ ಅನ್ನಿಸಬಹುದು, ಕೀವಿನ ಚೀಲ ಅನ್ನಿಸಬಹುದು, ರಕ್ತ ಹೆಪ್ಪುಗಟ್ಟಿದೆ ಅನ್ನಿಸಬಹುದು. ಡೈ ಇಲ್ಲದ ಸಾದಾ ಸಿಟಿಯಲ್ಲಿ ಗುಟ್ಟು ಹೊರಬೀಳುತ್ತದೆ. ಸುತ್ತ ಸುಣ್ಣದ ಚಿಪ್ಪು, ಒಳಗಿನದೂ ರಕ್ತಕ್ಕಿಂತ ಸಾಂದ್ರ. ಡೈ ಕೊಟ್ಟರೂ ಒಳಭಾಗ ಬೆಳಗುವುದಿಲ್ಲ. ಎಂಆರ್‌ಐನಲ್ಲಿ ಒಳಗೆ ಕಪ್ಪು, ಡೈ ಹೋದ ಮೇಲೆ ಅಂಚು ಮಾತ್ರ ಬೆಳ್ಳಗೆ. ಇದು ಗೊತ್ತಿಲ್ಲದೆ ಗಡ್ಡೆ ಎಂದು ಎದೆ ತೆರೆದ ಉದಾಹರಣೆಗಳು ವೈದ್ಯಕೀಯ ಬರಹಗಳಲ್ಲಿ ಇವೆ. ಹೆಚ್ಚಿನವರಲ್ಲಿ ಇದು ತಂಟೆ ಮಾಡದೆ ಕೂತಿರುತ್ತದೆ. ಕೆಲವರಲ್ಲಿ ತಾನಾಗಿಯೇ ಕರಗಿದ್ದೂ ಉಂಟು. ಬಾಗಿಲಿಗೆ ಅಡ್ಡ ಬಂದರೆ, ಚೂರು ಹೊರಬಿದ್ದು ಮೆದುಳಿಗೆ ಹೋಗಿ ಲಕ್ವ ಹೊಡೆದರೆ, ಆಗ ಆಪರೇಷನ್ ಮಾತು ಬರುತ್ತದೆ.

ಇನ್ನೊಂದು ಅಪರೂಪದ್ದಕ್ಕೆ ಹೆಸರೇ ಹೆದರಿಸುವಂತಿದೆ: ಕ್ಯಾಲ್ಸಿಫೈಡ್ ಅಮಾರ್ಫಸ್ ಟ್ಯೂಮರ್. 1997ರಲ್ಲಿ ಕೊಟ್ಟ ಹೆಸರು. ಟ್ಯೂಮರ್ ಅಂತ ಇದ್ದರೂ ಕ್ಯಾನ್ಸರ್ ಅಲ್ಲ. ಹಳೆಯ ರಕ್ತದ ಅಂಶ ಮತ್ತು ಸುಣ್ಣದ ಹರಳು ಕಲೆತು ಆಕಾರವಿಲ್ಲದೆ ಬೆಳೆದ ಗುಡ್ಡೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಹೆಚ್ಚಾಗಿ ವರದಿಯಾಗಿದೆ. ಕೆಲವೊಮ್ಮೆ ಮೈಟ್ರಲ್ ಚೌಕಟ್ಟಿನಿಂದ ಉದ್ದಕ್ಕೆ ಜೋತು ಬಿದ್ದು ಪ್ರತಿ ಬಡಿತಕ್ಕೂ ಓಲಾಡುತ್ತದೆ. ಹೂರಣದ ಗಂಟು ಕದಲದೆ ಕೂತಿರುತ್ತದೆ, ಇದು ಜೋಲಾಡುತ್ತದೆ. ಜೋಲಾಡುವುದು ಮುರಿದು ಹೋಗುವ ಭಯ ಇರುವುದರಿಂದ ಇದನ್ನು ತೆಗೆಯುವ ಬಗ್ಗೆ ಬೇಗ ಯೋಚಿಸುತ್ತಾರೆ. ಕೊನೆಯ ಹೆಸರು ಗೊತ್ತಾಗುವುದು ತೆಗೆದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆಯೇ.

ಜ್ವರ ಇದ್ದರೆ ಲೆಕ್ಕವೇ ಬೇರೆ. ಕವಾಟಕ್ಕೆ ಸೋಂಕು ತಗುಲಿ ಅಂಟಿಕೊಂಡ ಮುದ್ದೆಗೆ ವೆಜಿಟೇಶನ್ ಅನ್ನುತ್ತಾರೆ. ತರಕಾರಿಗೂ ಅದಕ್ಕೂ ಸಂಬಂಧ ಇಲ್ಲ! ವಾಸಿಯಾದ ಹಳೆಯ ವೆಜಿಟೇಶನ್ ಸುಣ್ಣ ಕಟ್ಟಿ ಉಳಿದುಬಿಡಬಹುದು. ಹಳೆಯದೋ ಹೊಸದೋ ಎಂದು ಬರೀ ಚಿತ್ರ ನೋಡಿ ಹೇಳುವುದು ಕಷ್ಟ, ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯಾ ಎಂದು ನೋಡುವ ಕಲ್ಚರ್ ಬೇಕೇ ಬೇಕು. ಕದಕ್ಕೆ ಸಣ್ಣ ತೊಟ್ಟಿನಿಂದ ಅಂಟಿದ, ಅಂಚು ಮಿನುಗುವ ಪುಟ್ಟ ಗಡ್ಡೆ ಇದ್ದರೆ ಅದು ಫೈಬ್ರೋಎಲಾಸ್ಟೋಮಾ ಇರಬಹುದು. ಅದೂ ಕ್ಯಾನ್ಸರ್ ಅಲ್ಲ, ಸುಣ್ಣ ಕಟ್ಟುವುದೂ ಅಪರೂಪ.

## ಚಿಗವ್ವನ ಗಂಟು

ಹೃದಯದ ಡಾಕ್ಟರು ರಿಪೋರ್ಟ್ ಓದುವ ಮೊದಲು ಮಾತಾಡಿಸಿದರು. ಜ್ವರ ಬಂದಿತ್ತಾ? ತೂಕ ಇಳಿದಿದೆಯಾ? ಕೈಕಾಲು ಸೋತು, ಬಾಯಿ ಸೊಟ್ಟಗಾದದ್ದು ಇದೆಯಾ? ಸಣ್ಣವಳಿದ್ದಾಗ ಕೀಲು ಊದಿ ಮಲಗಿದ್ದೆಯಾ? ಎಲ್ಲಕ್ಕೂ ಚಿಗವ್ವ ಇಲ್ಲ ಅಂದಳು. ಬಿಪಿ ಮಾತ್ರ 20 ವರ್ಷದ್ದು. ಆಮೇಲೆ ಅವರು ಕೇಳಿದ್ದು ನಮ್ಮನ್ನು ಪೇಚಿಗೆ ಸಿಕ್ಕಿಸಿತು: “ಮೊದಲು ಯಾವಾಗಾದ್ರೂ ಎಕೋ ಮಾಡ್ಸೀರೇನ್ರಿ? ಸಿಡಿ ಐತೇನು?”

ರಿಪೋರ್ಟಿನ ಹಾಳೆ ಒಬ್ಬರು ನೋಡಿ ಬರೆದ ಮಾತು. ಸಿಡಿಯಲ್ಲಿ ಇರುವುದು ಚಿತ್ರವೇ. ಹಳೆಯದನ್ನು ಹೊಸದರ ಪಕ್ಕ ಇಟ್ಟರೆ ಬೆಳೆದಿದೆಯಾ, ಎಷ್ಟು ಬೇಗ ಬೆಳೆದಿದೆ ಅಂತ ಕಣ್ಣಿಗೇ ಕಾಣುತ್ತದೆ. ಯಾವ ದುಬಾರಿ ಮಷೀನೂ ಹಿಂದಿನ ನಾಲ್ಕು ವರ್ಷವನ್ನು ತೋರಿಸಲಾರದು.

ಸಿಡಿ ಸಿಕ್ಕಿತು. ಅಣ್ಣಿಗೇರಿಯ ಮನೆಯ ಟ್ರಂಕಿನಲ್ಲಿ, ಹಳೇ ಕ್ಯಾಸೆಟ್ಟುಗಳ ನಡುವೆ. ನಾಲ್ಕು ವರ್ಷದ ಹಿಂದೆ ಬಿಪಿ ಜಾಸ್ತಿಯಾದಾಗ ಮಾಡಿಸಿದ್ದು. ಅದೇ ಜಾಗದಲ್ಲಿ ಅದೇ ಬಿಳಿ ಉಬ್ಬು, ಸ್ವಲ್ಪ ಚಿಕ್ಕದು. ಆಗ ಅದನ್ನು ಯಾರೂ ಬರೆದಿರಲಿಲ್ಲ. ಡೈ ಇಲ್ಲದ ಒಂದು ಸಿಟಿ ಮಾಡಿಸಿದರು. ಚಿಪ್ಪು ಗಟ್ಟಿ, ಒಳಗೆ ಹೂರಣ. ಬಾಗಿಲಿಗೆ ಅಡ್ಡ ಬಂದಿಲ್ಲ, ರಕ್ತದ ವೇಗ ಸರಿ ಇದೆ. ವರ್ಷಕ್ಕೊಮ್ಮೆ ಎಕೋ ಮಾಡಿಸಿ, ಬಿಪಿ ಮಾತ್ರೆ ತಪ್ಪಿಸಬೇಡಿ, ಮೊಣಕಾಲು ಆಪರೇಷನ್ನಿಗೆ ಅಡ್ಡಿ ಇಲ್ಲ ಅಂದರು.

“ಹಂಗಾರ ಎದಿಯೊಳಗ ಕಡಬ ಐತಿ ಅನ್ರಿ,” ಅಂದಳು ಚಿಗವ್ವ. ಎರಡೂ ಸಿಡಿ ಈಗ ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿವೆ.